ಮಂಜುಗೆ, ಮೆಡಿಕಲ್ ವಿಷಯವಾಗಿ

12-6-2018

ಚಿ. ಮಂಜುಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಮಗುವಿನ ನಾಮಕರಣ, ಮನೆ ಸಾಲ, ಎಲ್ಲ ಸರಿ. ಕೊನೆಯಲ್ಲಿ ಸುಮ್ನೆ ಎಂಬಂತೆ ಬರೆದಿದ್ದೀಯಲ್ಲ, ಬೆಳಿಗ್ಗೆ ಸ್ವಲ್ಪ ಕೆಮ್ಮು, ಮುಂದಿನ ತಿಂಗಳ ಗಣಿಯ ಮೆಡಿಕಲ್ ತಪಾಸಣೆಗೆ ರಜೆ ಹಾಕಿ ತಪ್ಪಿಸಿಕೊಳ್ಳುತ್ತೇನೆ, ಗಣಿಯೊಳಗಿನ ಕೆಲಸದಿಂದ ತೆಗೆದರೆ ಅಲೋಯನ್ಸ್ ಹೋಗುತ್ತದೆ ಅಂತ. ಅಲ್ಲಿಂದ ನನಗೆ ನಿದ್ದೆ ಇಲ್ಲ.

ನಿನ್ನ ಅಪ್ಪನ, ನನ್ನ ಭಾವನ, ಕಡೆಯ ವರ್ಷಗಳನ್ನು ನಾನೇನು ಹೇಳಲಿ, ರಾತ್ರಿಯೆಲ್ಲ ಬೆನ್ನು ನೀವಿದವನು ನೀನೇ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಆಗ ನಾನು ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಮೆಡಿಕಲ್ ಪಟ್ಟಿ ಬರೆಯುತ್ತಿದ್ದವನು ನಾನು. ಭಾವ ಬಂದು ನಿನ್ನ ಮಾತನ್ನೇ ಹೇಳಿದರು. ಅದೇ ಅಲೋಯನ್ಸ್. ನಾನು ಅವರ ಹೆಸರನ್ನು ಮುಂದಿನ ಸರದಿಗೆ ದಾಟಿಸಿದೆ. ಸರದಿ ಅಂದರೆ ಐದು ವರ್ಷ! ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಅಕ್ಕ ಅವತ್ತು ಹೋಳಿಗೆ ಕಟ್ಟಿಕೊಟ್ಟಳು.

ನಿನ್ನ ಕೆಮ್ಮು ಚಳಿಯದ್ದೋ ಬೀಡಿಯದ್ದೋ ನನಗೇನು ಗೊತ್ತು. ಏನೂ ಇಲ್ಲದೆಯೂ ಇರಬಹುದು. ಆದರೆ ಬೆಣಚುಕಲ್ಲಿನ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಹೆಚ್ಚಾಗಿ ಮೂಗಿನಲ್ಲೇ ನಿಲ್ಲುತ್ತದೆ, ಕಾಣದ್ದು ಎದೆಗೆ ಇಳಿಯುತ್ತದೆ. ಆ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಸಿಲಿಕೋಸಿಸ್, ಬಂದರೆ ವಾಪಸ್ ಹೋಗುವುದಿಲ್ಲ. ಧೂಳು ಬಿಟ್ಟ ಮೇಲೂ ಬೆಳೆಯಬಹುದು, ಅದರ ಹಿಂದೆಯೇ ಟಿಬಿಯೂ ಬರಬಹುದು. ಭಾವನಿಗೆ ಮೊದಲು ಟಿಬಿ ಮಾತ್ರೆಯನ್ನೇ ಕೊಟ್ಟಿದ್ದು, ನೆನಪಿದೆಯಲ್ವಾ?

ಅಲೋಯನ್ಸ್ ಮಾತಿಗೆ ಬರುತ್ತೇನೆ. ಗಣಿ ಕೆಲಸದಿಂದಲೇ ಅನ್‌ಫಿಟ್ ಆದವನಿಗೆ ಅವನಿಂದಾಗುವ ಬೇರೆ ಕೆಲಸ ಕೊಡಬೇಕು ಅಂತ 1952ರ ಗಣಿ ಕಾಯ್ದೆಯಲ್ಲಿದೆ. ಅಂಥ ಕೆಲಸ ಇಲ್ಲದಿದ್ದರೆ ಭತ್ಯೆ, ಬಿಟ್ಟು ಹೋಗುವುದಾದರೆ ಪರಿಹಾರ. ಈಗಿನಷ್ಟೇ ದುಡ್ಡು ಕೈಗೆ ಬರುತ್ತದೆ ಅನ್ನಲಾರೆ. ಆದರೆ ಎಕ್ಸ್‌ರೇನೇ ಇಲ್ಲದವನು ಏನು ತೋರಿಸಿ ಕೇಳುತ್ತಾನೆ? ಭಾವನ ಫೈಲಿನಲ್ಲಿ ಆ ಐದು ವರ್ಷ ಖಾಲಿ. ಅಕ್ಕ ಆ ಫೈಲು ಹಿಡಿದು ಆಫೀಸುಗಳಿಗೆ ಅಲೆದಾಗ ನಾನೂ ಜೊತೆಗಿದ್ದೆ. ಬಾಯಿ ಬಿಡಲಿಲ್ಲ.

ಮೆಡಿಕಲ್ ಆದ ಮೇಲೆ ಫಾರಂ ಓ, ಅಂದರೆ ತಪಾಸಣೆಯ ವರದಿ, ಅದರ ಪ್ರತಿ ಕೇಳಿ ಇಸ್ಕೊ, ಅಕ್ಕನ ಟ್ರಂಕಿನಲ್ಲಿಡು. ಡ್ರಿಲ್ಲಿಗೆ ನೀರು ಬರದಿದ್ದರೆ ಒಣ ಕೊರೆಯಬೇಡ. ಮೇಸ್ತ್ರಿ ತಲೆ ಮೇಲೆ ನಿಂತಿರುವಾಗ ಅದು ಎಷ್ಟು ಕಷ್ಟ ಅಂತ ಗೊತ್ತು, ಮೇಜಿನ ಹಿಂದೆ ಕೂತಿದ್ದವನು ಹೇಳುತ್ತಿದ್ದೇನೆ. ಗಣಿ ಸುರಕ್ಷತೆಯವರ ಕಚೇರಿ ಬಳ್ಳಾರಿಯಲ್ಲಿದೆ, ಯೂನಿಯನ್‌ನವರಿಂದ ಒಂದು ಕಾಗದ ಹಾಕಿಸಬಹುದೇನೋ, ನೋಡು.

ಅಕ್ಕನಿಗೆ ಪಟ್ಟಿಯ ವಿಷಯ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಮೆಡಿಕಲ್ ಯಾವತ್ತು ಅಂತ ಬರಿ. ಹಿಂದಿನ ರಾತ್ರಿ ಬಸ್ಸಿಗೆ ಬರುತ್ತೇನೆ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರ ಕೂತಿರುತ್ತೇನೆ.

ನಿನ್ನ ಮಾವ