ಉಳಿಸಿದ್ದರಲ್ಲೇ ಅದು ಕೂತಿದ್ದರೆ?

ಚಿ. ಮಗಳಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ಜಠರದ ಕ್ಯಾನ್ಸರ್ ಅಂತ, ಆಪರೇಷನ್ ಮಾಡುತ್ತಾರೆ ಅಂತ ನಿನ್ನಪ್ಪ ಫೋನಿನಲ್ಲಿ ಹೇಳಿದ್ದ. ನಿನ್ನ ಕಾಗದದ ಕೊನೆಯ ಸಾಲು ಮಾತ್ರ ಎರಡು ರಾತ್ರಿಯಿಂದ ನನ್ನ ನಿದ್ದೆ ಕೆಡಿಸಿದೆ. ‘ಜಠರದಲ್ಲಿ ಸ್ವಲ್ಪ ಉಳಿಸ್ತಾರಂತೆ ದೊಡ್ಡಪ್ಪ, ಉಳಿಸಿದ್ದರಲ್ಲೇ ಅದು ಕೂತಿದ್ದರೆ? ಪೂರ್ತಿ ತೆಗೆದುಬಿಡಿ ಅಂತ ನಾನೇ ಹೇಳಲಾ?’

ಇದೇ ಮಾತನ್ನು ನಿನ್ನ ದೊಡ್ಡಮ್ಮನ ಆಪರೇಷನ್ನಿನ ಹಿಂದಿನ ದಿನ ನಾನು ಸರ್ಜನ್ ಹತ್ತಿರ ಹೇಳಿದ್ದೆ. ಅವರು ಚೀಟಿಯ ಹಿಂದೆ ಜಠರದ ಚಿತ್ರ ಬರೆದು ತೋರಿಸಿದರು. ಅವಳ ಗಡ್ಡೆ ಇದ್ದದ್ದು ಕೆಳತುದಿಯಲ್ಲಿ, ಕರುಳಿಗೆ ಸೇರುವ ಕಡೆ. ಅಂಥಲ್ಲಿ ಗಡ್ಡೆಯ ಸುತ್ತ ಸಾಕಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ಕೊಯ್ದರೆ, ಮಿಕ್ಕ ಜಠರವನ್ನು ಉಳಿಸಿದರೂ ಆಯಸ್ಸೇನೂ ಕಡಿಮೆಯಾಗುವುದಿಲ್ಲ ಎಂದರು. ಇಟಲಿಯಲ್ಲಿ 618 ರೋಗಿಗಳ ಮೇಲೆ ನಡೆದ ಅಧ್ಯಯನ 1999ರಲ್ಲಿ ಅದನ್ನೇ ಹೇಳಿದೆಯಂತೆ. ಸುತ್ತಲಿನ ದುಗ್ಧಗ್ರಂಥಿಗಳನ್ನು, ಅಂದರೆ ಕ್ಯಾನ್ಸರ್ ಹರಡಬಹುದಾದ ಸಣ್ಣ ಗಂಟುಗಳನ್ನು, ಚೆನ್ನಾಗಿ ತೆಗೆಯುವುದು ಮುಖ್ಯ, ಅದನ್ನು ಮಾಡುತ್ತೇವೆ ಎಂದೂ ಹೇಳಿದರು. ಕೇಳಿಸಿಕೊಂಡೆ. ನಂಬಲಿಲ್ಲ.

ಆಮೇಲೆ ಅವಳು ಒಂಬತ್ತು ವರ್ಷ ಬದುಕಿದಳು. ಒಂಬತ್ತು ವರ್ಷವೂ ಅವಳು ಊಟಕ್ಕೆ ಕೂತರೆ ನಾನು ಎದುರು ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ತೇಗು ಬಂದರೂ ಅನುಮಾನ. ಒಂದು ಯುಗಾದಿಗೆ ಹೋಳಿಗೆ ತಿಂದು ಸ್ವಲ್ಪ ಹೊತ್ತಿಗೆ ಬೆವರಿ, ಎದೆ ಡವಗುಟ್ಟಿ ಮಲಗಿಬಿಟ್ಟಳು. ಸಿಹಿ ಸರ್ರನೆ ಕರುಳಿಗಿಳಿದರೆ ಹಾಗಾಗುತ್ತದೆ, ಡಂಪಿಂಗ್ ಅನ್ನುತ್ತಾರೆ. ನಾನು ‘ಉಳಿಸಿದ್ದರಲ್ಲೇ ಬಂತು’ ಎಂದು ನೆಂಟರೆದುರು ಅತ್ತುಬಿಟ್ಟೆ. ಅವಳು ಮತ್ತೆ ಹಬ್ಬದ ಎಲೆಗೆ ಕೂರಲೇ ಇಲ್ಲ, ಒಳಗೆ ಒಬ್ಬಳೇ ತಿನ್ನುತ್ತಿದ್ದಳು. ಕೊನೆಗೆ ಹೋದದ್ದು ಹೃದಯದಿಂದ. ಆ ಉಳಿಸಿದ ಚೂರು ಅವಳಿಗೆ ಯಾವ ಮೋಸವನ್ನೂ ಮಾಡಲಿಲ್ಲ ಮಗಳೇ, ಮಾಡಿದ್ದು ನನ್ನ ಭಯ.

ನಿನ್ನದೂ ಹಾಗೇ ಅನ್ನಲಾರೆ, ನಾನು ಡಾಕ್ಟರಲ್ಲ. ಗಡ್ಡೆ ಮೇಲ್ಭಾಗದಲ್ಲಿದ್ದರೆ, ಇಲ್ಲವೇ ಗೋಡೆಯೊಳಗೇ ಹಬ್ಬುವ ಜಾತಿಯದಾದರೆ ಪೂರ್ತಿ ತೆಗೆಯಬೇಕಾದೀತು. ಆಗ ವಿಟಮಿನ್ ಬಿ12 ಇಂಜೆಕ್ಷನ್ ಬದುಕಿರುವವರೆಗೂ ಬೇಕಂತೆ. ಗಡ್ಡೆಯ ಚೂರು ತೆಗೆದು ನೋಡಿದ ಬಯಾಪ್ಸಿಯಲ್ಲಿ ಯಾವ ಬಗೆ ಬಂದಿದೆ ಎಂದು ಕೇಳು. ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಇದೆಯಾ ಎಂದು ನೋಡಲು ಅದನ್ನು ಆಪರೇಷನ್ ನಡೆಯುವಾಗಲೇ ಪರೀಕ್ಷೆಗೆ ಕಳಿಸುತ್ತಾರಾ ಎಂದೂ ಕೇಳು. ನಿನ್ನ ಆ ಪ್ರಶ್ನೆಯನ್ನು ನನಗೆ ಬರೆದ ಹಾಗೇ ಅವರೆದುರು ಓದಿಬಿಡು, ನಾಚಿಕೆ ಬೇಡ. ಅವರ ಉತ್ತರ ಕೇಳಿದ ಮೇಲೆ ‘ಪೂರ್ತಿ’ ಅನ್ನುವುದೋ ಬೇಡವೋ ನೋಡು. ಆಮೇಲಿನದು ಗೊತ್ತಲ್ಲ, ಸ್ವಲ್ಪಸ್ವಲ್ಪವೇ ಐದಾರು ಸಲ ತಿನ್ನುವುದು, ಊಟದ ಜೊತೆ ನೀರು ಕುಡಿಯದಿರುವುದು. ದೊಡ್ಡಮ್ಮ ಇದ್ದಿದ್ದರೆ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು.

ದಿನ ಗೊತ್ತಾದ ಕೂಡಲೇ ತಿಳಿಸು, ಮುಂಚಿನ ದಿನವೇ ಬರುತ್ತೇನೆ. ನೀನು ಊಟ ಶುರು ಮಾಡಿದ ಮೇಲೆ ಎದುರು ಕೂರುವುದಿಲ್ಲ, ಪಕ್ಕದಲ್ಲಿ ಕೂತು ನಾನೂ ಉಣ್ಣುತ್ತೇನೆ.

ನಿನ್ನ ದೊಡ್ಡಪ್ಪ