ಶಾಲೆಗೆ ಧಾವಿಸುವ ಮುನ್ನ

ಮಾನ್ಯರೇ,

2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ–ಮೇಲ್ ಬಂದಾಗ ಪೋಷಕರು ಎದ್ದುಬಿದ್ದು ಶಾಲೆಗಳತ್ತ ಓಡಿದರು. ಅದು ಹುಸಿ ಎಂದು ಗೊತ್ತಾಗಿದ್ದು ಆಮೇಲೆ. ಹೆತ್ತವರ ಆತಂಕ ಸಹಜವೇ. ಆದರೆ ಗೇಟಿನ ಮುಂದೆ ಕಾರು, ಸ್ಕೂಟರ್‌ಗಳು ಅಡ್ಡಾದಿಡ್ಡಿ ನಿಂತರೆ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಒಳಹೋಗುವುದು ಹೇಗೆ? ಎಲ್ಲರೂ ಒಟ್ಟಿಗೆ ಫೋನ್ ಮಾಡಿದರೆ ಶಿಕ್ಷಕರು ಮಕ್ಕಳ ತಲೆ ಎಣಿಸುವುದು ಯಾವಾಗ?

ಇಂಥ ತುರ್ತು ಹೊತ್ತಿನಲ್ಲಿ ಮಕ್ಕಳನ್ನು ಎಲ್ಲಿ ಒಟ್ಟುಗೂಡಿಸುತ್ತಾರೆ, ಯಾವ ಗೇಟಿನಲ್ಲಿ ಒಪ್ಪಿಸುತ್ತಾರೆ ಎಂಬುದನ್ನು ಪೋಷಕರ ಸಭೆಯಲ್ಲೇ ಕೇಳಿ ತಿಳಿದುಕೊಳ್ಳಬೇಕು. ಅಂಕಗಳ ಬಗ್ಗೆ ಕೇಳುವಷ್ಟು ಇದನ್ನು ನಾವು ಕೇಳುವುದಿಲ್ಲ, ಅದೇ ಬೇಸರ. ಅಪ್ಪ–ಅಮ್ಮ ಬರಲಾಗದಿದ್ದರೆ ಅಜ್ಜನೋ ಚಿಕ್ಕಮ್ಮನೋ ಬರುತ್ತಾರೆ ಎಂದು ಮೊದಲೇ ಬರೆದುಕೊಡಬೇಕು. ಐ.ಡಿ. ಕಾರ್ಡಿನ ಹಿಂದಿರುವ ಮೊಬೈಲ್ ನಂಬರ್ ಈಗಲೂ ಬಳಕೆಯಲ್ಲಿದೆಯೇ? ಇವತ್ತೇ ತಿರುಗಿಸಿ ನೋಡಿ. ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಬ್ಯಾಗಿನ ಯಾವ ಜೇಬಿನಲ್ಲಿದೆ ಎಂಬುದು ಕ್ಲಾಸ್ ಟೀಚರ್‌ಗೂ ಗೊತ್ತಿರಲಿ. ಶಾಲೆಯಿಂದಲೋ ಪೊಲೀಸರಿಂದಲೋ ಬಾರದ ವಾಟ್ಸ್‌ಆ್ಯಪ್ ಸುದ್ದಿಯನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.

ಶಾಲೆಗಳ ಅಣಕು ಕಾರ್ಯಾಚರಣೆಯಲ್ಲಿ ವರ್ಷಕ್ಕೊಮ್ಮೆಯಾದರೂ ಪೋಷಕರನ್ನೂ ಸೇರಿಸಿಕೊಳ್ಳುವಂತೆ ಶಿಕ್ಷಣ ಇಲಾಖೆ ಸೂಚಿಸಲಿ.

– ಒಬ್ಬ ಪೋಷಕಿ, ಬೆಂಗಳೂರು