ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಕ್ಕ ಸರ್‌ಗೆ ಥ್ಯಾಂಕ್ಸ್

ಸರ್, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇ ಬಿಟ್ಟಿರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಮಾಡಿದ ನನ್ನ ಟೂ-ವೇ ಸ್ಪೀಕರ್ (ಕೆಳ ಸ್ವರಕ್ಕೆ ವೂಫರ್, ಮೇಲಿನ ಸ್ವರಕ್ಕೆ ಟ್ವೀಟರ್) ಈಗ ಕೇಳೋ ಹಾಗಿದೆ!

ಸದ್ದನ್ನು ಇವೆರಡಕ್ಕೂ ಹಂಚುವ ಫಿಲ್ಟರ್ ಇದೆಯಲ್ಲ, ಆ ಕ್ರಾಸ್‌ಓವರ್ ಲೆಕ್ಕದ ರೆಡಿಮೇಡ್ ಸೂತ್ರಗಳೆಲ್ಲ ಸ್ಪೀಕರನ್ನು 8 ಓಮ್ ರೆಸಿಸ್ಟರ್ ಅಂತಲೇ ತಿಳಿಯುತ್ತವೆ, ಆದರೆ ವೂಫರ್‌ನ ವಾಯ್ಸ್ ಕಾಯಿಲ್‌ಗೆ ತನ್ನದೇ ಇಂಡಕ್ಟೆನ್ಸ್ ಇರುತ್ತದೆ, ಫ್ರೀಕ್ವೆನ್ಸಿ ಏರಿದಂತೆ ಇಂಪೀಡೆನ್ಸೂ (ಕರೆಂಟ್‌ಗೆ ಒಡ್ಡುವ ತಡೆ) ಏರುತ್ತದೆ, ಹಾಗಾಗಿ ಫಿಲ್ಟರ್ ನಾವು ಅಂದುಕೊಂಡ ಕಡೆ ಕತ್ತರಿಸುವುದೇ ಇಲ್ಲ ಅಂತ ಬಿಲ್ಲಿನ ಹಿಂದೆ ಗೀಚಿ ತೋರಿಸಿದಿರಲ್ಲ, ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ವೂಫರ್‌ನ ಎರಡು ಟರ್ಮಿನಲ್‌ಗಳ ನಡುವೆ 7.5 ಓಮ್ ರೆಸಿಸ್ಟರ್, ಅದರ ಜೊತೆ ಸೀರೀಸ್‌ನಲ್ಲಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಏರುವ ಇಂಪೀಡೆನ್ಸನ್ನು ಸಮ ಮಾಡುವ ಇದಕ್ಕೆ ಝೋಬೆಲ್ ಅಂದಿರಿ. ಇಷ್ಟೇನಾ ಅನ್ನಿಸಿತ್ತು. ಗಂಡಸಿನ ದನಿಯಲ್ಲಿದ್ದ ಒರಟುತನ ಅಲ್ಲೇ ಅರ್ಧ ಹೋಯಿತು.

ನನಗೆ ಜಾಸ್ತಿ ಇಷ್ಟವಾಗಿದ್ದು ಉಲ್ಟಾ ವೈರ್ ಉಪಾಯ. ಟ್ವೀಟರ್‌ನ ಪ್ಲಸ್ ಮೈನಸ್ ಅದಲು ಬದಲು ಮಾಡಿ ಮೈಕ್ ಇಟ್ಟು ಅಳೆದರೆ, ಕ್ರಾಸ್‌ಓವರ್ ಜಾಗದಲ್ಲಿ, ಅಂದರೆ ವೂಫರ್ ಬಿಟ್ಟು ಟ್ವೀಟರ್ ಹಿಡಿಯುವ ಫ್ರೀಕ್ವೆನ್ಸಿಯಲ್ಲಿ, ಗ್ರಾಫ್ ಆಳಕ್ಕೆ ಬೀಳಬೇಕು, ಬಿದ್ದರೆ ಮೊದಲಿನ ಕನೆಕ್ಷನ್‌ನಲ್ಲಿ ಎರಡೂ ಸರಿಯಾಗಿ ಕೂಡುತ್ತಿವೆ ಅಂತ ಅರ್ಥ, ಅಲ್ವಾ? 2500 ಹರ್ಟ್ಜ್ ಹತ್ತಿರ ಬಾವಿ ತೋಡಿದ ಹಾಗೆ ಬಿತ್ತು. ವೈರ್ ಮತ್ತೆ ನೆಟ್ಟಗೆ ಹಾಕಿದೆ. ಟ್ವೀಟರ್‌ಗೆ ನೀವು ಹೇಳಿದ ಎರಡು ರೆಸಿಸ್ಟರ್ ಹಾಕಿ ಸದ್ದು ತಗ್ಗಿಸಿದ ಮೇಲೆ ಪಿ.ಬಿ. ಶ್ರೀನಿವಾಸ್ ಹಾಡಿನ ಸ, ಶ ಕಿವಿಗೆ ಚುಚ್ಚುತ್ತಿಲ್ಲ.

ಒಂದರ ಪ್ರಭಾವ ಇನ್ನೊಂದಕ್ಕೆ ತಾಗದ ಹಾಗೆ ಕ್ರಾಸ್‌ಓವರ್‌ನ ಕಾಯಿಲ್‌ಗಳನ್ನು ದೂರ ಇಟ್ಟು, ಒಂದನ್ನು ಅಡ್ಡ ಮಲಗಿಸಿದ್ದೇನೆ. ಸುಮ್ನೆ ನಿಂತು ಅರ್ಧ ಗಂಟೆ ಹೇಳಿಕೊಟ್ಟಿರಲ್ಲ ಸರ್, ತುಂಬಾ ಥ್ಯಾಂಕ್ಸ್. ಅಂಗಡಿಯವರ ಹತ್ತಿರ ನನ್ನ ನಂಬರ್ ಇದೆ, ಬಂದು ಒಮ್ಮೆ ಕೇಳಿ ಹೋಗಿ.